ಜೊಲ್ಲು ಸುರಿಕೆ: ವಿಕಲಚೇತನ ಮಕ್ಕಳಲ್ಲಿ

ಬಾಯಿಯಲ್ಲಿ ಊರುವ ಲಾಲಾರಸ ತುಟಿ ದಾಟಿ ಹೊರಗೆ ಹರಿದು ಗದ್ದ, ಕುತ್ತಿಗೆ, ಅಂಗಿಯನ್ನು ನೆನೆಸುವುದೇ ಜೊಲ್ಲು ಸುರಿಕೆ. ಹಸುಗೂಸುಗಳಲ್ಲಿ ಇದು ಸಹಜ. ಒಂದೂವರೆ ವರ್ಷದ ಹೊತ್ತಿಗೆ ಹೆಚ್ಚಿನ ಮಕ್ಕಳಲ್ಲಿ ನಿಲ್ಲುತ್ತದೆ. ಹಲ್ಲು ಬರುವಾಗ, ಮೂಗು ಕಟ್ಟಿದಾಗ ಮತ್ತೆ ಕಾಣಿಸಿಕೊಂಡು ಹೋಗುತ್ತದೆ. ನಾಲ್ಕು ವರ್ಷ ತುಂಬಿದ ಮೇಲೂ ಎಚ್ಚರವಾಗಿರುವಾಗ ಸುರಿಯುತ್ತಲೇ ಇದ್ದರೆ ವೈದ್ಯರು ಅದನ್ನು ತೊಂದರೆಯೆಂದು ಎಣಿಸುತ್ತಾರೆ. ಮಿದುಳಿಗೆ ಬಿದ್ದ ಪೆಟ್ಟಿನಿಂದ ಸ್ನಾಯುಗಳ ಹತೋಟಿ ತಪ್ಪುವ ಸೆರೆಬ್ರಲ್ ಪಾಲ್ಸಿ (ಸಿ.ಪಿ.) ಇರುವ ಮಕ್ಕಳಲ್ಲಿ ಇದು ತೀರ ಸಾಮಾನ್ಯ. ಅಧ್ಯಯನದಿಂದ ಅಧ್ಯಯನಕ್ಕೆ ಅಂಕಿ ಬದಲಾಗುತ್ತದಾದರೂ ಹತ್ತು ಮಕ್ಕಳಲ್ಲಿ ನಾಲ್ವರ ಆಸುಪಾಸು ಎನ್ನಬಹುದು. ಡೌನ್ ಸಿಂಡ್ರೋಮ್, ಏಂಜಲ್‌ಮನ್ ಸಿಂಡ್ರೋಮ್, ಮುಖದ ನರಗಳ ಹುಟ್ಟು ದೌರ್ಬಲ್ಯ, ತೀವ್ರ ಬೌದ್ಧಿಕ ಅಂಗವಿಕಲತೆ, ಮಿದುಳುಜ್ವರದ ನಂತರ ಉಳಿದ ನ್ಯೂನತೆ ಮೊದಲಾದವುಗಳಲ್ಲಿಯೂ ಕಾಣುತ್ತದೆ. ಹುಟ್ಟಿದ ವಾರದಲ್ಲಿ ಕಾಮಾಲೆ ವಿಪರೀತಕ್ಕೆ ಹೋಗಿ ಮಿದುಳಿಗೆ ಪೆಟ್ಟು ಬಿದ್ದ ಮಕ್ಕಳಲ್ಲಿ ಬಾಯಿ, ನಾಲಿಗೆ ಅಂಕೆಯಿಲ್ಲದೆ ಹೊರಳಾಡುವುದರಿಂದ ಜೊಲ್ಲು ಇನ್ನಷ್ಟು ಹೆಚ್ಚು.

ವೈದ್ಯಕೀಯ ಪುಸ್ತಕಗಳಲ್ಲಿ ಇದಕ್ಕೆ ಸಿಗುವ ಜಾಗ ಸಣ್ಣದು. ಜೀವಕ್ಕೆ ಅಪಾಯವಿಲ್ಲ, ಒರೆಸಿದರಾಯಿತು ಎಂಬ ಧೋರಣೆ ಬಹುಕಾಲ ನಡೆದುಬಂದಿದೆ. ದಿನವಿಡೀ ಒರೆಸುವ ತಾಯಿಯನ್ನು ಕೇಳಿದರೆ ಫಿಟ್ಸ್‌ಗಿಂತ ಇದೇ ಹೆಚ್ಚು ಕಾಡುವುದೆಂದು ಹೇಳಿಯಾರು. ಅಲ್ಲದೆ ಜೀವಕ್ಕೆ ಅಪಾಯವಿಲ್ಲ ಎಂಬುದೂ ಪೂರ್ತಿ ನಿಜವಲ್ಲ.

ಹೆಚ್ಚು ಊರುವುದೋ, ನುಂಗದೆ ಉಳಿಯುವುದೋ

ಲಾಲಾರಸವನ್ನು ಮುಖ್ಯವಾಗಿ ಮೂರು ಜೊತೆ ಗ್ರಂಥಿಗಳು ತಯಾರಿಸುತ್ತವೆ: ಕಿವಿಯ ಮುಂದೆ ಕೆನ್ನೆಯಲ್ಲಿರುವುದು, ದವಡೆಯ ಅಡಿಯಲ್ಲಿರುವುದು, ನಾಲಿಗೆಯ ಕೆಳಗಿರುವುದು. ತುಟಿ, ಅಂಗುಳ, ಕೆನ್ನೆಯ ಒಳಪೊರೆಯಲ್ಲಿ ನೂರಾರು ಕಿರುಗ್ರಂಥಿಗಳೂ ಇವೆ. ದೊಡ್ಡವರಲ್ಲಿ ದಿನಕ್ಕೆ ಅರ್ಧ ಲೀಟರಿನಿಂದ ಒಂದೂವರೆ ಲೀಟರಿನವರೆಗೆ ಊರುತ್ತದೆ. ಊಟ ಮಾಡುವಾಗ, ಹುಣಸೆಯ ನೆನಪಾದಾಗ ನೀರಿನಂತೆ ತೆಳ್ಳಗೆ ಬರುವ ರಸದಲ್ಲಿ ಕೆನ್ನೆಯ ಗ್ರಂಥಿಯ ಪಾಲು ದೊಡ್ಡದು. ಸುಮ್ಮನಿರುವಾಗ ಬಾಯಿಯನ್ನು ತೇವವಾಗಿಡುವ ರಸದ ಮೂರರಲ್ಲಿ ಎರಡು ಪಾಲು ದವಡೆಯಡಿಯ ಗ್ರಂಥಿಯದು. ಇಂಜೆಕ್ಷನ್ ಎಲ್ಲಿಗೆ, ಶಸ್ತ್ರಚಿಕಿತ್ಸೆ ಯಾವುದಕ್ಕೆ ಎಂಬ ತೀರ್ಮಾನಗಳೆಲ್ಲ ಮುಂದೆ ಈ ವ್ಯತ್ಯಾಸದ ಮೇಲೆಯೇ ನಿಲ್ಲುತ್ತವೆ. ನಿದ್ದೆಯಲ್ಲಿ ಊರುವ ಪ್ರಮಾಣ ತುಂಬ ಕಡಿಮೆ.

ಸೆರೆಬ್ರಲ್ ಪಾಲ್ಸಿ ಮಗುವಿನ ಅಂಗಿ ನೆನೆದದ್ದನ್ನು ಕಂಡವರು ಈ ಮಗುವಿಗೆ ಲಾಲಾರಸ ಹೆಚ್ಚು ಎಂದುಕೊಳ್ಳುತ್ತಾರೆ. ವೈದ್ಯರೂ ಬಹುಕಾಲ ಹಾಗೆಯೇ ನಂಬಿದ್ದರು. 2003ರಲ್ಲಿ ಇಂಗ್ಲೆಂಡಿನ ತಹಮಾಸೆಬಿ ಮತ್ತು ಕರ್ಜನ್, 2009ರಲ್ಲಿ ನೆದರ್ಲೆಂಡ್ಸಿನ ನೈಮೇಗನ್ ತಂಡ ಅಳೆದು ನೋಡಿದಾಗ ಕಂಡದ್ದು ಬೇರೆ. ಜೊಲ್ಲು ಸುರಿಸುವ ಈ ಮಕ್ಕಳಲ್ಲಿ ರಸ ಊರುವ ಪ್ರಮಾಣ ಇತರ ಮಕ್ಕಳಲ್ಲಿ ಇರುವಷ್ಟೇ ಇತ್ತು. ಬಚ್ಚಲಲ್ಲಿ ನೀರು ನಿಂತರೆ ಅದು ನಲ್ಲಿಯ ತಪ್ಪಲ್ಲ, ಕಿಂಡಿ ಕಟ್ಟಿರುತ್ತದೆ; ಇಲ್ಲಿಯೂ ಅದೇ. ಊರಿದ್ದು ನುಂಗಿ ಒಳಹೋಗುತ್ತಿಲ್ಲ.

ನುಂಗುವುದು ಎಷ್ಟು ಕೂಡುಕೆಲಸ ಎಂಬುದು ಕೆಟ್ಟಾಗಲೇ ತಿಳಿಯುವುದು. ತುಟಿ ಕೂಡಬೇಕು, ಕೆಳದವಡೆ ಅಲುಗದೆ ನಿಲ್ಲಬೇಕು, ನಾಲಿಗೆಯ ತುದಿ ಮೇಲಂಗುಳಕ್ಕೆ ಒತ್ತಿ ರಸವನ್ನು ಗುಡ್ಡೆಮಾಡಿ ಹಿಂದಕ್ಕೆ ತಳ್ಳಬೇಕು, ಅದೇ ಕ್ಷಣ ಶ್ವಾಸನಾಳದ ಬಾಯಿ ಮುಚ್ಚಬೇಕು. ಓದುಗರು ಬಾಯಿ ಅಗಲವಾಗಿ ತೆರೆದುಕೊಂಡು ಒಮ್ಮೆ ಎಂಜಲು ನುಂಗಲು ಪ್ರಯತ್ನಿಸಿದರೆ ಸಾಕು. ಎಚ್ಚರವಿರುವಾಗ ನಿಮಿಷಕ್ಕೊಮ್ಮೆಯ ಆಸುಪಾಸಿನಲ್ಲಿ ನಾವು ಅರಿವಿಲ್ಲದೆ ಮಾಡುವ ಈ ಕೆಲಸ ಸಿ.ಪಿ. ಮಗುವಿನಲ್ಲಿ ಹಲವು ಕಡೆ ತಪ್ಪುತ್ತದೆ. ತುಟಿ ಕೂಡುವುದಿಲ್ಲ, ನಾಲಿಗೆ ಹಿಂದಕ್ಕೆ ಹೋಗುವ ಬದಲು ಮುಂದಕ್ಕೆ ನೂಕುತ್ತದೆ, ತಲೆ ಎದೆಯ ಮೇಲೆ ಬಾಗಿರುತ್ತದೆ, ಬಾಯಲ್ಲಿ ರಸ ತುಂಬಿದೆ ಎಂಬ ಸ್ಪರ್ಶದ ಸುದ್ದಿಯೇ ಮಿದುಳಿಗೆ ಸರಿಯಾಗಿ ತಲುಪುವುದಿಲ್ಲ. ಗದ್ದ ಒದ್ದೆಯಾದದ್ದು ಕೆಲವು ಮಕ್ಕಳಿಗೆ ಗೊತ್ತೇ ಆಗುವುದಿಲ್ಲ. ಚಿತ್ರ ಬರೆಯುವಾಗ, ಗುಂಡಿ ಹಾಕಿಕೊಳ್ಳುವಾಗ ಜೊಲ್ಲು ಹೆಚ್ಚುವುದೂ ಇದರಿಂದಲೇ: ಗಮನ ಕೈಗೆ ಹೋದರೆ ಬಾಯಿ ತೆರೆದುಕೊಳ್ಳುತ್ತದೆ.

ಹಾಗಾದರೆ ಚಿಕಿತ್ಸೆಯ ಮೊದಲ ಪ್ರಶ್ನೆ ಬದಲಾಗುತ್ತದೆ. ಒಣಗಿಸುವುದು ಹೇಗೆ ಎಂದು ಕೇಳುವ ಮೊದಲು ನುಂಗುವುದಕ್ಕೆ ಅಡ್ಡಿಯಾಗಿರುವುದು ಯಾವುದು ಎಂದು ಹುಡುಕಬೇಕು. ಒಣಗಿಸುವ ಮದ್ದು ಕಡೆಗೆ ಬೇಕಾಗಬಹುದು. ಆದರೆ ಲಾಲಾರಸ ಬಾಯಿಗೆ ಬೇಡದ ಕಸವಲ್ಲ. ಅದು ಹಲ್ಲಿನ ಕವಚವನ್ನು ಕಾಯುತ್ತದೆ, ಆಮ್ಲವನ್ನು ತಣಿಸುತ್ತದೆ, ತುತ್ತನ್ನು ಜಾರಿಸುತ್ತದೆ. ಅದನ್ನು ಕಡಿಮೆ ಮಾಡಿದರೆ ಅದರ ಬೆಲೆಯನ್ನು ಮಗು ಹಲ್ಲಿನಲ್ಲಿ, ಊಟದಲ್ಲಿ ತೆರುತ್ತದೆ.

ಮುಂದೆ ಸುರಿಯುವುದು, ಹಿಂದೆ ಇಳಿಯುವುದು

ಕಣ್ಣಿಗೆ ಕಾಣುವುದು ಮುಂದಿನ ಜೊಲ್ಲು. ಗದ್ದ ಮತ್ತು ಕಟಬಾಯಿಯ ಚರ್ಮ ಸದಾ ನೆನೆದು ಕೆಂಪಾಗಿ ಬಿರಿಯುತ್ತದೆ, ಅಲ್ಲಿ ಶಿಲೀಂಧ್ರ ಸೋಂಕು ಕೂರುತ್ತದೆ. ಪುಸ್ತಕದ ಹಾಳೆ ಅಂಟಿಕೊಳ್ಳುತ್ತದೆ. ಮಾತಿನ ಬದಲಿಗೆ ಟ್ಯಾಬ್ಲೆಟ್ ಬಳಸುವ ಮಗುವಿಗೆ ಇನ್ನೊಂದು ಕಷ್ಟ: ಒದ್ದೆ ಪರದೆ ಬೆರಳಿಗೆ ಸರಿಯಾಗಿ ಸ್ಪಂದಿಸುವುದಿಲ್ಲ.

ಕಣ್ಣಿಗೆ ಬೀಳದ್ದು ಹಿಂದಿನ ಜೊಲ್ಲು. ನುಂಗದ ರಸ ಗಂಟಲಿನ ಹಿಂಭಾಗದಲ್ಲಿ ಮಡುಗಟ್ಟಿ ಸ್ವಲ್ಪಸ್ವಲ್ಪವೇ ಶ್ವಾಸನಾಳಕ್ಕೆ ಇಳಿಯುತ್ತದೆ. ಉಸಿರಾಟದಲ್ಲಿ ಗೊರಗೊರ ಸದ್ದು, ಮಲಗಿದಾಗ ಕೆಮ್ಮು, ಪದೇ ಪದೇ ನೆತ್ತಿಗೇರುವುದು, ವರ್ಷದಲ್ಲಿ ಮತ್ತೆ ಮತ್ತೆ ನ್ಯುಮೋನಿಯಾ ಇದರ ಗುರುತು. ಕೆಲವು ಮಕ್ಕಳಲ್ಲಿ ಕೆಮ್ಮಿನ ಪ್ರತಿಕ್ರಿಯೆಯೇ ಕುಂದಿರುವುದರಿಂದ ರಸ ಸದ್ದಿಲ್ಲದೆ ಇಳಿಯುತ್ತದೆ. ಶ್ವಾಸಕೋಶ ಹಂತಹಂತವಾಗಿ ಹಾಳಾಗುವುದು ಹೀಗೆ. ಆದ್ದರಿಂದ ಗದ್ದ ಒಣಗಿದ್ದೆಲ್ಲ ಶುಭಸುದ್ದಿಯಲ್ಲ. ಜೊಲ್ಲು ಸುರಿಯಬಾರದೆಂದು ಮಗುವಿನ ತಲೆಯನ್ನು ಹಿಂದಕ್ಕೆ ಒರಗಿಸಿ ಕೂರಿಸುವ ಪದ್ಧತಿ ಅನೇಕ ಮನೆಗಳಲ್ಲಿದೆ. ಅಂಗಿ ಒಣಗಿರುತ್ತದೆ, ರಸ ಗಂಟಲಿಗೆ ಇಳಿಯುತ್ತಿರುತ್ತದೆ. ಅನುಮಾನ ಬಂದರೆ ಬೇರಿಯಂ ಬೆರೆಸಿದ ಆಹಾರ ನುಂಗಿಸುತ್ತಾ ಎಕ್ಸ್‌ರೇ ವಿಡಿಯೊ ತೆಗೆಯುವುದು, ಇಲ್ಲವೆ ಮೂಗಿನ ಮೂಲಕ ತೆಳು ಕ್ಯಾಮೆರಾ ಇಳಿಸಿ ಗಂಟಲನ್ನು ನೋಡುವುದು ಪರೀಕ್ಷೆಯ ವಿಧಾನ.

ಇವೆರಡಕ್ಕೂ ಸೇರದ ಇನ್ನೊಂದು ಸಂದರ್ಭವನ್ನು ಇಲ್ಲಿಯೇ ಹೇಳಬೇಕು. ನಿನ್ನೆಯವರೆಗೆ ಇಲ್ಲದ ಜೊಲ್ಲು ಇಂದು ಹಠಾತ್ತನೆ ಸುರಿಯತೊಡಗಿದರೆ, ಅಥವಾ ಇದ್ದದ್ದು ಒಮ್ಮೆಲೇ ಹೆಚ್ಚಿದರೆ, ಅದು ಈ ಲೇಖನದ ವಿಷಯವಲ್ಲ, ತುರ್ತು ಚಿಕಿತ್ಸೆಯ ವಿಷಯ. ಗಂಟಲಲ್ಲಿ ನಾಣ್ಯವೋ ಆಟಿಕೆಯ ಗುಂಡಿ ಬ್ಯಾಟರಿಯೋ ಸಿಕ್ಕಿರಬಹುದು, ಗಂಟಲಲ್ಲಿ ಕೀವುಗಟ್ಟಿರಬಹುದು, ಹೊಲಕ್ಕೆ ಸಿಂಪಡಿಸುವ ಕೀಟನಾಶಕ ಮೈ ಸೇರಿರಬಹುದು. ಮಾತಾಡಲಾರದ ಮಗು ಇದನ್ನು ಹೇಳಲಾರದು. ಅದಕ್ಕೆ ಮೊದಲೇ ಜೊಲ್ಲು ಇತ್ತೆಂದು ಮನೆಯವರು ಸುಮ್ಮನಿರುವ ಅಪಾಯವೂ ಇದೆ.

ಹೆಚ್ಚಿಸುವ ಸಂಗತಿಗಳು

ದೊಡ್ಡ ಚಿಕಿತ್ಸೆಗೆ ಕೈಹಾಕುವ ಮೊದಲು ಹುಡುಕಬೇಕಾದ ಸಣ್ಣ ಕಾರಣಗಳಿವೆ. ಮೂಗಿನ ಹಿಂದಿರುವ ಅಡಿನಾಯ್ಡ್ ದಪ್ಪವಾಗಿ ಅಥವಾ ಧೂಳಿನ ಅಲರ್ಜಿಯಿಂದ ಮೂಗು ಕಟ್ಟಿದ್ದರೆ ಮಗು ಬಾಯಲ್ಲಿಯೇ ಉಸಿರಾಡಬೇಕು, ತುಟಿ ಮುಚ್ಚು ಎಂದು ಅದಕ್ಕೆ ಹೇಳುವುದು ಅನ್ಯಾಯ. ಹುಳುಕು ಹಲ್ಲು, ಊದಿದ ವಸಡು ರಸವನ್ನು ಹೆಚ್ಚಿಸುತ್ತವೆ. ಹೊಟ್ಟೆಯ ಆಮ್ಲ ಅನ್ನನಾಳಕ್ಕೆ ಮರಳುತ್ತಿದ್ದರೆ ಅದನ್ನು ತೊಳೆಯಲೆಂದೇ ದೇಹ ಲಾಲಾರಸವನ್ನು ಉಕ್ಕಿಸುತ್ತದೆ. ಸಿ.ಪಿ. ಮಕ್ಕಳಲ್ಲಿ ಈ ಆಮ್ಲದ ತೊಂದರೆ ಹೆಚ್ಚು.

ಔಷಧಗಳ ಪಟ್ಟಿಯನ್ನೂ ಒಮ್ಮೆ ನೋಡಬೇಕು. ಫಿಟ್ಸ್‌ಗೆ ಕೊಡುವ ಕ್ಲೊನಾಜೆಪಾಮ್, ನೈಟ್ರಾಜೆಪಾಮ್ ಗುಂಪಿನ ಮಾತ್ರೆಗಳು ಸ್ರಾವವನ್ನು ಹೆಚ್ಚಿಸಿ, ನುಂಗುವುದನ್ನು ಮಂದಗೊಳಿಸುತ್ತವೆ. ಜೊಲ್ಲು ಹೆಚ್ಚಾದ ತಿಂಗಳು ಮತ್ತು ಮಾತ್ರೆ ಬದಲಾದ ತಿಂಗಳು ಒಂದೇ ಆಗಿದ್ದರೆ ನರವೈದ್ಯರಿಗೆ ತಿಳಿಸಬೇಕು. ಮಾತ್ರೆಯನ್ನು ಮನೆಯಲ್ಲೇ ನಿಲ್ಲಿಸುವುದು ಮಾತ್ರ ಖಂಡಿತ ಕೂಡದು, ಫಿಟ್ಸ್ ಮರುಕಳಿಸುತ್ತದೆ.

ಬಸುರಿಯ ಬಯಕೆ ತೀರದಿದ್ದರೆ ಮಗು ಜೊಲ್ಲು ಸುರಿಸುತ್ತದೆ ಎಂಬ ನಂಬಿಕೆ ಮಹಾರಾಷ್ಟ್ರದಿಂದ ದಕ್ಷಿಣದವರೆಗೂ ಕೇಳಿಬರುತ್ತದೆ. ನಗಬಹುದು, ಆದರೆ ಅದು ತಪ್ಪನ್ನು ತಾಯಿಯ ತಲೆಗೆ ಕಟ್ಟುವ ಮಾತು ಎಂಬುದನ್ನು ಮರೆಯುವಂತಿಲ್ಲ. ನಾಲಿಗೆ ತಿರುಗಲಿ, ಮಾತು ಬರಲಿ ಎಂದು ಬಜೆ ತೇಯ್ದು ನೆಕ್ಕಿಸುವ ರೂಢಿ ಕರ್ನಾಟಕದ ಮನೆಗಳಲ್ಲಿ ಇನ್ನೂ ಇದೆ. ಖಾರ ತಾಗಿದ ನಾಲಿಗೆಯಿಂದ ಜೊಲ್ಲು ಇನ್ನೂ ಹೆಚ್ಚು ಇಳಿಯುತ್ತದೆಯೇ ಹೊರತು ನುಂಗುವ ಸ್ನಾಯುಗಳಿಗೆ ಅದರಿಂದ ಏನೂ ಕಲಿಕೆಯಿಲ್ಲ. ನಾಲಿಗೆಯ ಕೆಳಗಿನ ದಾರ ಕತ್ತರಿಸಿದರೆ ಸರಿಹೋದೀತು ಎಂಬ ಸಲಹೆಯೂ ಮಿದುಳಿನ ಮೂಲದ ತೊಂದರೆಗೆ ಮದ್ದಲ್ಲ.

ಅಳತೆ

ಚಿಕಿತ್ಸೆ ಫಲ ಕೊಟ್ಟಿತೇ ಎಂದು ತಿಳಿಯಬೇಕಾದರೆ ಮೊದಲು ಎಷ್ಟಿತ್ತು ಎಂಬುದು ಗೊತ್ತಿರಬೇಕು. ಥಾಮಸ್-ಸ್ಟೊನೆಲ್ ಮತ್ತು ಗ್ರೀನ್‌ಬರ್ಗ್ 1988ರಲ್ಲಿ ರೂಪಿಸಿದ ಮಾಪಕ ಇಂದಿಗೂ ಸುಲಭವೆಂದು ಬಳಕೆಯಲ್ಲಿದೆ. ತೀವ್ರತೆಗೆ ಐದು ಹಂತ: ಒಣಗಿದೆ, ತುಟಿ ಮಾತ್ರ ಒದ್ದೆ, ಗದ್ದ ಒದ್ದೆ, ಬಟ್ಟೆ ಒದ್ದೆ, ಕೈ ಮತ್ತು ಮೇಜು ಕೂಡ ಒದ್ದೆ. ಎಷ್ಟು ಸಲ ಎಂಬುದಕ್ಕೆ ನಾಲ್ಕು ಹಂತ: ಎಂದೂ ಇಲ್ಲ, ಆಗೊಮ್ಮೆ ಈಗೊಮ್ಮೆ, ಆಗಾಗ, ಸದಾ. ಸಂಶೋಧಕರು ಮಗುವನ್ನು ಹತ್ತು ನಿಮಿಷ ಗಮನಿಸಿ 15 ಸೆಕೆಂಡಿಗೊಮ್ಮೆ ಹೊಸ ಜೊಲ್ಲು ಕಂಡಿತೇ ಎಂದು ಗುರುತುಹಾಕುವ ವಿಧಾನವನ್ನೂ ಬಳಸುತ್ತಾರೆ. ನಲವತ್ತು ಗುರುತುಗಳಲ್ಲಿ ಎಷ್ಟು ಎಂಬುದರ ಶೇಕಡಾವಾರು ಲೆಕ್ಕ ಅದು. ಮೆಲ್ಬರ್ನಿನ ರೀಡ್, ಜಾನ್ಸನ್ ಮತ್ತು ರೆಡಿಹೌ 2010ರಲ್ಲಿ ಪ್ರಕಟಿಸಿದ ಹತ್ತು ಪ್ರಶ್ನೆಗಳ ಪಟ್ಟಿ ಇನ್ನೊಂದು ದಿಕ್ಕಿನಿಂದ ನೋಡುತ್ತದೆ: ವಾಸನೆ, ಚರ್ಮದ ಉರಿ, ದಿನಕ್ಕೆ ಬದಲಿಸುವ ಬಟ್ಟೆ, ಮಗುವಿಗೆ ಆಗುವ ಮುಜುಗರ, ಮನೆಯ ಮಂದಿಯ ಬದುಕಿಗೆ ಆಗುವ ತೊಡಕು. ಮನೆಯಲ್ಲಿಯಾದರೆ ದಿನಕ್ಕೆ ಎಷ್ಟು ಜೊಲ್ಲುಬಟ್ಟೆ ಬದಲಾಯಿತು ಎಂದು ಕ್ಯಾಲೆಂಡರಿನಲ್ಲಿ ಬರೆದಿಟ್ಟರೆ ಸಾಕು. ಆ ಅಂಕಿ ವೈದ್ಯರಿಗೂ ಬಹಳ ಉಪಯೋಗ.

ಕೂರಿಸುವುದು, ಉಣಿಸುವುದು

ಮೊದಲ ಚಿಕಿತ್ಸೆ ಕುರ್ಚಿ. ಸೊಂಟ ಹಿಂದಕ್ಕೆ ತಾಗಿ, ಮೊಣಕಾಲು ಲಂಬಕೋನದಲ್ಲಿ ಮಡಿಚಿ, ಪಾದ ಹಲಗೆಯ ಮೇಲೆ ಊರಿ ಕೂತಾಗ ಬೆನ್ನಿಗೆ ಆಧಾರ ಸಿಗುತ್ತದೆ. ಬೆನ್ನು ನಿಂತರೆ ಕುತ್ತಿಗೆ ನಿಲ್ಲುತ್ತದೆ, ಕುತ್ತಿಗೆ ನಿಂತರೆ ದವಡೆ ಅಂಕೆಗೆ ಬರುತ್ತದೆ. ಗದ್ದ ತುಸುವೇ ಒಳಕ್ಕೆ ಬಾಗಿರಬೇಕು. ಕಾಲು ಜೋತುಬಿದ್ದ ಮಗುವಿಗೆ ತುಟಿ ಮುಚ್ಚಲು ಕಲಿಸುವುದು ವ್ಯರ್ಥ ಶ್ರಮ. ಫಿಸಿಯೊಥೆರಪಿಸ್ಟ್‌ಗಳು ಹೇಳುವ ಕಾರ್ನರ್ ಚೇರನ್ನು, ಅಂದರೆ ಮೂಲೆಗೋಡೆಯಂತೆ ಎರಡು ಹಲಗೆ ಕೂಡಿಸಿ ಮುಂದೆ ತಟ್ಟೆಮಣೆ ಇಟ್ಟ ಆಸನವನ್ನು, ಅಳತೆ ಕೊಟ್ಟರೆ ಊರಿನ ಬಡಗಿಯೇ ಮಾಡಿಕೊಡುತ್ತಾನೆ. ಪುಸ್ತಕ, ಆಟಿಕೆ, ಫೋನು ಕಣ್ಣಿನ ಮಟ್ಟಕ್ಕಿದ್ದರೆ ತಲೆ ಬಾಗುವುದು ತಪ್ಪುತ್ತದೆ. ಖರ್ಚಿಲ್ಲದ ಈ ಒಂದು ಬದಲಾವಣೆಯಿಂದಲೇ ಎಷ್ಟೋ ಮಕ್ಕಳ ಗದ್ದ ಒಣಗುತ್ತದೆ.

ಉಣಿಸುವ ರೀತಿ ಇದಕ್ಕೆ ಅಂಟಿಕೊಂಡೇ ಇದೆ. ಹಸುಗೂಸನ್ನು ಚಾಚಿದ ಕಾಲ ಮೇಲೆ ಅಂಗಾತ ಮಲಗಿಸಿ ಒಳಲೆಯಲ್ಲಿ ಹಾಲು ಹೊಯ್ಯುವ ಅಜ್ಜಿಯರ ಪದ್ಧತಿ ಸಿ.ಪಿ. ಮಗುವಿನ ಮನೆಯಲ್ಲಿ ಮೂರು, ನಾಲ್ಕು ವರ್ಷದವರೆಗೂ ಮುಂದುವರಿಯುವುದುಂಟು, ಏಕೆಂದರೆ ಕೂರಿಸಿ ಉಣಿಸಿದರೆ ಅರ್ಧ ಹೊರಗೆ ಬರುತ್ತದೆ. ಮಲಗಿದ ಗಂಟಲಿಗೆ ಹೊಯ್ದದ್ದು ತಾನಾಗಿ ಇಳಿಯುವುದರಿಂದ ಮಗು ತುಟಿ, ನಾಲಿಗೆಗಳಿಂದ ನುಂಗುವುದನ್ನು ಕಲಿಯುವ ಅವಕಾಶವೇ ಇಲ್ಲವಾಗುತ್ತದೆ, ಶ್ವಾಸಕೋಶಕ್ಕೂ ಅಪಾಯ. ನೆಟ್ಟಗೆ ಕೂರಿಸಿ, ಚಮಚವನ್ನು ನಾಲಿಗೆಯ ನಡುವೆ ಮೆಲ್ಲಗೆ ಒತ್ತಿ, ಮೇಲ್ದುಟಿ ಇಳಿದು ಚಮಚವನ್ನು ಸವರುವವರೆಗೆ ಕಾಯುವುದು ಸ್ಪೀಚ್ ಥೆರಪಿಸ್ಟ್ ಕಲಿಸುವ ವಿಧಾನ. ನೀರಿಗಿಂತ ರಾಗಿ ಮಣ್ಣಿಯ ಹದದ ಆಹಾರ ಅಂಕೆಗೆ ಸಿಗುತ್ತದೆ. ಯಾವ ಮಗುವಿಗೆ ಯಾವ ಹದ ಎಂಬುದನ್ನು ಮಾತ್ರ ನೋಡಿಯೇ ಹೇಳಬೇಕು. ನೀರು ಕಡಿಮೆ ಕುಡಿಸಿದರೆ ಜೊಲ್ಲು ಕಡಿಮೆಯಾದೀತು ಎಂಬ ಲೆಕ್ಕ ತಪ್ಪು. ಸುರಿದ ರಸದೊಂದಿಗೆ ದೇಹದ ನೀರು ಹೋಗಿರುತ್ತದೆ, ಈ ಮಕ್ಕಳಲ್ಲಿ ಮಲಬದ್ಧತೆ ಮೊದಲೇ ಇರುತ್ತದೆ.

ಕಲಿಸುವುದು

ತುಟಿಗೆ ಮಂಜುಗಡ್ಡೆ ಸವರುವುದು, ಬ್ರಷ್‌ನಿಂದ ಕೆನ್ನೆ ತಟ್ಟುವುದು, ಸೋಪಿನ ಗುಳ್ಳೆ ಊದಿಸುವುದು, ಸ್ಟ್ರಾದಲ್ಲಿ ಹೀರಿಸುವುದು ಥೆರಪಿ ಕೇಂದ್ರಗಳಲ್ಲಿ ನಿತ್ಯದ ನೋಟ. ಇವುಗಳ ಬಗ್ಗೆ ಪಾಲಕರಿಗೆ ಸತ್ಯ ಹೇಳಬೇಕು: ಉತ್ಸಾಹದಷ್ಟು ಪುರಾವೆ ಇಲ್ಲ. ಸೆರೆಬ್ರಲ್ ಪಾಲ್ಸಿ ಮಕ್ಕಳ ಜೊಲ್ಲಿಗೆ ಇರುವ ಎಲ್ಲ ಚಿಕಿತ್ಸೆಗಳನ್ನು ಒರೆಗೆ ಹಚ್ಚಿದ, ಕಾಕ್ರೇನ್ ಎಂಬ ಅಂತರರಾಷ್ಟ್ರೀಯ ಸಂಶೋಧನಾ ಜಾಲದ ವಿಮರ್ಶೆ 2012ರಲ್ಲಿ ಪ್ರಕಟವಾದಾಗ, ಇದೇ ಉತ್ತಮ ಎಂದು ಯಾವುದನ್ನೂ ಬೊಟ್ಟುಮಾಡಿ ಹೇಳುವಷ್ಟು ಗಟ್ಟಿಯಾದ ಅಧ್ಯಯನಗಳು ಸಿಗಲಿಲ್ಲ. ಸ್ಟ್ರಾ, ಗುಳ್ಳೆಗಳಿಂದ ಕೆಡುಕಿಲ್ಲ; ಮಗುವಿಗೆ ಖುಷಿಯಾದರೆ ಆಡಲಿ. ಅದಕ್ಕಾಗಿಯೇ ವಾರಕ್ಕೆ ಮೂರು ದಿನ ಬಸ್ಸಿನಲ್ಲಿ ಜಿಲ್ಲಾಕೇಂದ್ರಕ್ಕೆ ಓಡಾಡಬೇಕೇ ಎಂಬುದು ಬೇರೆ ಪ್ರಶ್ನೆ.

ಮಾತು ಅರ್ಥವಾಗುವ, ತನ್ನ ಜೊಲ್ಲಿನ ಬಗ್ಗೆ ನಾಚಿಕೆಪಡುವಷ್ಟು ತಿಳಿವಳಿಕೆಯಿರುವ ಮಗುವಿಗೆ ವರ್ತನಾ ಚಿಕಿತ್ಸೆ ಹೆಚ್ಚು ಫಲ ಕೊಡುತ್ತದೆ. ನೈಮೇಗನ್ನಿನ ಮನಶ್ಶಾಸ್ತ್ರಜ್ಞರು ಬೆಳೆಸಿದ ಸ್ವನಿರ್ವಹಣೆಯ ಕ್ರಮದಲ್ಲಿ ಮಗು ತನ್ನ ಗದ್ದವನ್ನು ತಾನೇ ಮುಟ್ಟಿ ನೋಡುತ್ತದೆ, ಒದ್ದೆಯಿದ್ದರೆ ಒರೆಸಿಕೊಂಡು ನುಂಗುತ್ತದೆ, ಒಣಗಿದ್ದರೆ ಮೆಚ್ಚುಗೆ ಸಿಗುತ್ತದೆ. ಒಣಗಿರಬೇಕಾದ ಅವಧಿಯನ್ನು ನಿಮಿಷ ನಿಮಿಷವಾಗಿ ಹೆಚ್ಚಿಸುತ್ತಾ ಹೋಗುತ್ತಾರೆ. ಮಣಿಕಟ್ಟಿಗೆ ಟವೆಲ್ ಬಟ್ಟೆಯ ಪಟ್ಟಿ ಕಟ್ಟಿದರೆ ಕೈ ಅಂಕೆಯಿರುವ ಮಗು ಸಲೀಸಾಗಿ ಒರೆಸಿಕೊಳ್ಳುತ್ತದೆ. ಮನೆಯಲ್ಲಿ, ತರಗತಿಯಲ್ಲಿ ಎಲ್ಲರೂ ಒಂದೇ ಸಂಜ್ಞೆ ಬಳಸಬೇಕು, ಅದು ಆದಷ್ಟು ಮೌನವಾಗಿರಬೇಕು. ಗದ್ದಕ್ಕೆ ಬೆರಳು ಮುಟ್ಟಿಸಿ ತೋರಿಸುವುದು ಸಾಕು. ಹತ್ತು ಜನರೆದುರು ಜೊಲ್ಲು ಒರೆಸಿಕೋ ಎಂದು ಕೂಗಿದರೆ ಅದು ಪಾಠವಾಗುವುದಿಲ್ಲ.

ಬಾಯಿಯೊಳಗೆ ಇಡುವ ತಟ್ಟೆಗಳೂ ಇವೆ. ಅರ್ಜೆಂಟೀನಾದ ವೈದ್ಯ ರೊಡಾಲ್ಫೊ ಕಾಸ್ಟಿಲ್ಲೊ ಮೊರಾಲೆಸ್ ರೂಪಿಸಿದ ಅಂಗುಳ ತಟ್ಟೆ ಡೌನ್ ಸಿಂಡ್ರೋಮ್ ಮಕ್ಕಳ ನಾಲಿಗೆಯನ್ನು ಒಳಕ್ಕೆ, ಮೇಲ್ದುಟಿಯನ್ನು ಕೆಳಕ್ಕೆ ಪ್ರಚೋದಿಸುವ ಉದ್ದೇಶದ್ದು. ಪಳಗಿದ ದಂತವೈದ್ಯರು ಬೇಕು. ಫಿಟ್ಸ್ ಹತೋಟಿಯಲ್ಲಿಲ್ಲದ ಮಗುವಿಗೆ ಇದು ಹೊಂದುವುದಿಲ್ಲ.

ಬಟ್ಟೆ ಮತ್ತು ಚರ್ಮ

ಒರೆಸುವುದರಲ್ಲಿಯೂ ಕ್ರಮವಿದೆ. ಉಜ್ಜಿದರೆ ಚರ್ಮ ಕೆಡುತ್ತದೆ, ಬಾಯಿಯ ಸುತ್ತ ಉಜ್ಜಾಟದಿಂದ ರಸವೂ ಕೆರಳುತ್ತದೆ. ಮೆತ್ತನೆಯ ಬಟ್ಟೆಯನ್ನು ತುಟಿಯ ಕಡೆಗೆ ಒತ್ತಿ ಹೀರಿಸಿ ತೆಗೆಯಬೇಕು. ತೊಳೆದು ಮೆತ್ತಗಾದ ಹಳೆಯ ಹತ್ತಿ ಪಂಚೆ, ಸೀರೆಯ ತುಂಡಿಗಿಂತ ಒಳ್ಳೆಯದು ಅಂಗಡಿಯಲ್ಲಿ ಸಿಗುವುದು ಅಪರೂಪ. ಮಲಗುವ ಮುನ್ನ ಗದ್ದವನ್ನು ಒಣಗಿಸಿ ಪೆಟ್ರೋಲಿಯಂ ಜೆಲ್ಲಿಯನ್ನು ತೆಳ್ಳಗೆ ಸವರಿದರೆ ನೀರು ಚರ್ಮಕ್ಕೆ ತಾಗುವುದಿಲ್ಲ. ಈಗಾಗಲೇ ಬೆಳ್ಳಗೆ ಹಿಟ್ಟುಹಿಟ್ಟಾಗಿ ಸೋಂಕು ಕಂಡಿದ್ದರೆ ವೈದ್ಯರಿಗೆ ತೋರಿಸಬೇಕು. ಮೇಲೆ ಹತ್ತಿ, ಒಳಗೆ ನೀರು ಸೋರದ ಪದರ ಇರುವ ಜೊಲ್ಲುಬಟ್ಟೆ ಎದೆಯನ್ನು ಬೆಚ್ಚಗಿಡುತ್ತದೆ. ಹನ್ನೆರಡು ವರ್ಷದ ಹುಡುಗನಿಗೆ ಕರಡಿ ಚಿತ್ರದ ಬಿಬ್ ಕಟ್ಟಬಾರದು. ಕುತ್ತಿಗೆಗೆ ಸುತ್ತುವ ಬಣ್ಣದ ಸ್ಕಾರ್ಫ್, ಅಂಗಿಯದೇ ಬಟ್ಟೆಯಲ್ಲಿ ಹೊಲಿಸಿದ ಎದೆಪಟ್ಟಿ ಅದೇ ಕೆಲಸವನ್ನು ಮರ್ಯಾದೆಯಿಂದ ಮಾಡುತ್ತವೆ.

ಔಷಧ

ಲಾಲಾಗ್ರಂಥಿಗೆ ಆಜ್ಞೆ ಕೊಡುವ ನರಗಳು ಅಸಿಟೈಲ್‌ಕೋಲಿನ್ ಎಂಬ ರಾಸಾಯನಿಕವನ್ನು ಬಿಡುಗಡೆ ಮಾಡುತ್ತವೆ. ಅದನ್ನು ತಡೆದರೆ ಬಾಯಿ ಒಣಗುತ್ತದೆ. ಉಮ್ಮತ್ತಿ ಕಾಯಿ ತಿಂದವರ ಬಾಯಿ ಒಣಗಿ ಬುದ್ಧಿ ಕೆಡುವುದನ್ನು ಹಳ್ಳಿಯವರು ಬಲ್ಲರು; ಅದರಲ್ಲಿರುವ ಅಟ್ರೋಪಿನ್, ಹಯೋಸಿನ್‌ಗಳೇ ಈ ಗುಂಪಿನ ಮೂಲ ವಸ್ತುಗಳು. ಗಿಡದಲ್ಲಿ ಎಷ್ಟಿದೆಯೆಂಬ ಅಳತೆಯಿಲ್ಲದಿರುವುದರಿಂದ ಅದು ವಿಷ, ಮದ್ದಲ್ಲ.

ಮಕ್ಕಳಲ್ಲಿ ಈಗ ಮೊದಲ ಆಯ್ಕೆಯಾಗಿರುವುದು ಗ್ಲೈಕೋಪೈರೋಲೇಟ್. ಅರಿವಳಿಕೆ ತಜ್ಞರು ಆಪರೇಷನ್ ಥಿಯೇಟರಿನಲ್ಲಿ ದಶಕಗಳಿಂದ ಬಳಸುತ್ತಿರುವ ಔಷಧವಿದು. ಮಿದುಳಿನೊಳಗೆ ಸುಲಭವಾಗಿ ಹೊಗದಿರುವುದು ಇದರ ಗುಣ, ಹಾಗಾಗಿ ಮಂಪರು, ಗೊಂದಲ ಕಡಿಮೆ. ಅಮೆರಿಕದ ಔಷಧ ನಿಯಂತ್ರಣ ಸಂಸ್ಥೆ 2010ರಲ್ಲಿ 3ರಿಂದ 16 ವರ್ಷದ ನರವೈಕಲ್ಯದ ಮಕ್ಕಳಿಗೆ ಇದರ ದ್ರವರೂಪಕ್ಕೆ ಅನುಮತಿ ಕೊಟ್ಟಿತು. ಆಹಾರದ ಜೊತೆ ಕೊಟ್ಟರೆ ಹೀರಿಕೆ ಕುಗ್ಗುವುದರಿಂದ ಊಟಕ್ಕೆ ಒಂದು ಗಂಟೆ ಮುಂಚೆ ಅಥವಾ ಎರಡು ಗಂಟೆ ನಂತರ ಕೊಡುತ್ತಾರೆ. ತೂಕಕ್ಕೆ ತಕ್ಕಂತೆ ಅತಿ ಕಡಿಮೆಯಿಂದ ಶುರುಮಾಡಿ ಹಂತಹಂತವಾಗಿ ಏರಿಸುವುದು ಕ್ರಮ. ಹಯೋಸಿನ್ ಪಟ್ಟಿಯನ್ನು ಕಿವಿಯ ಹಿಂದೆ ಅಂಟಿಸಿ 72 ಗಂಟೆಗೊಮ್ಮೆ ಬದಲಿಸುತ್ತಾರೆ. ಬ್ರಿಟನ್ನಿನಲ್ಲಿ ಈ ಎರಡನ್ನೂ 90 ಮಕ್ಕಳಲ್ಲಿ ಹೋಲಿಸಿ 2018ರಲ್ಲಿ ಪ್ರಕಟಿಸಿದ ಅಧ್ಯಯನದಲ್ಲಿ ಎರಡೂ ಜೊಲ್ಲನ್ನು ತಗ್ಗಿಸಿದವು, ಅಡ್ಡಪರಿಣಾಮದಿಂದ ಅರ್ಧಕ್ಕೆ ಬಿಟ್ಟವರು ಹಯೋಸಿನ್ ಗುಂಪಿನಲ್ಲಿ ಹೆಚ್ಚಿದ್ದರು. ಮೈ ತಿರುಚುವ ಡಿಸ್ಟೋನಿಯಾ ಕೂಡ ಇದ್ದರೆ ಟ್ರೈಹೆಕ್ಸಿಫೆನಿಡಿಲ್ ಎಂಬ ಅಗ್ಗದ ಮಾತ್ರೆ ಒಂದೇ ಏಟಿಗೆ ಎರಡು ಕೆಲಸ ಮಾಡಬಹುದು.

ಈ ಗುಂಪಿನ ಎಲ್ಲ ಔಷಧಗಳಿಗೂ ಒಂದೇ ಬಗೆಯ ಬೆಲೆ: ಮಲಬದ್ಧತೆ, ಮೂತ್ರ ಕಟ್ಟುವುದು, ಮುಖ ಕೆಂಪಾಗುವುದು, ಕಣ್ಣು ಮಂಜಾಗುವುದು, ಸಿಡುಕು. ರಸ ಕಡಿಮೆಯಾಗುವ ಬದಲು ಬಂಕೆಯಾಗಿ ಗಂಟಲಲ್ಲಿ ಕಫ ಕಟ್ಟಿಕೊಂಡರೆ ಇದ್ದದ್ದಕ್ಕಿಂತ ಕೆಟ್ಟದ್ದು. ಬೆವರನ್ನೂ ಇವು ತಡೆಯುತ್ತವೆ. ಏಪ್ರಿಲ್, ಮೇ ತಿಂಗಳಲ್ಲಿ ಕಲಬುರಗಿ, ರಾಯಚೂರಿನ ಬಿಸಿಲಿನಲ್ಲಿ ಬೆವರಲಾರದ ಮಗುವಿನ ಮೈ ಕಾದು ಜ್ವರದಂತಾಗಬಹುದು. ಆ ತಿಂಗಳುಗಳಲ್ಲಿ ಪ್ರಮಾಣವನ್ನು ಇಳಿಸಬೇಕೇ ಎಂದು ವೈದ್ಯರನ್ನು ಕೇಳಿಯೇ ಮುಂದುವರಿಯಬೇಕು. ಬಾಯಿ ಒಣಗಿದಷ್ಟೂ ಹಲ್ಲು ಹುಳುಕುವುದರಿಂದ ಫ್ಲೋರೈಡ್ ಪೇಸ್ಟಿನಿಂದ ಉಜ್ಜುವುದನ್ನು ಬಿಡುವಂತಿಲ್ಲ.

ಇಂಜೆಕ್ಷನ್ ಮತ್ತು ಶಸ್ತ್ರಚಿಕಿತ್ಸೆ

ಬೊಟುಲಿನಮ್ ಟಾಕ್ಸಿನ್ ಅದೇ ಅಸಿಟೈಲ್‌ಕೋಲಿನನ್ನು ನರದ ತುದಿಯಲ್ಲೇ ತಡೆಯುತ್ತದೆ, ಚುಚ್ಚಿದ ಗ್ರಂಥಿಯಲ್ಲಿ ಮಾತ್ರ. ಬಿಗಿದ ಕಾಲುಗಳಿಗೆ ಸಿ.ಪಿ. ಮಕ್ಕಳಲ್ಲಿ ಬಳಸುವ ಬೊಟಾಕ್ಸ್ ಇದೇ ಗುಂಪಿನದು. ಅಲ್ಟ್ರಾಸೌಂಡಿನಲ್ಲಿ ಗ್ರಂಥಿಯನ್ನು ನೋಡಿಕೊಂಡು ದವಡೆಯಡಿಗೆ, ಬೇಕಾದರೆ ಕೆನ್ನೆಯ ಗ್ರಂಥಿಗೂ ಚುಚ್ಚುತ್ತಾರೆ. ಚಿಕ್ಕ ಮಕ್ಕಳಿಗೆ ಅಲ್ಪಾವಧಿಯ ಅರಿವಳಿಕೆ ಬೇಕಾಗಬಹುದು. ವಾರ, ಎರಡು ವಾರದಲ್ಲಿ ಪರಿಣಾಮ ಕಂಡು ಮೂರರಿಂದ ಆರು ತಿಂಗಳು ಉಳಿಯುತ್ತದೆ, ಆಮೇಲೆ ಮತ್ತೆ ಚುಚ್ಚಬೇಕು. ಎಲ್ಲ ಮಕ್ಕಳಿಗೂ ಫಲ ಸಿಗುವುದಿಲ್ಲ. ಔಷಧ ಪಕ್ಕದ ಸ್ನಾಯುಗಳಿಗೆ ಹರಡಿದರೆ ಕೆಲವು ವಾರ ನುಂಗುವುದೇ ಕಷ್ಟವಾಗುತ್ತದೆ. ಈ ವರ್ಗದ ಒಂದು ಔಷಧಕ್ಕೆ ಅಮೆರಿಕದಲ್ಲಿ 2018ರಲ್ಲಿ ದೊಡ್ಡವರ ಜೊಲ್ಲಿಗೆ, 2020ರಲ್ಲಿ ಎರಡು ವರ್ಷ ಮೇಲ್ಪಟ್ಟ ಮಕ್ಕಳಿಗೆ ಅನುಮತಿ ಸಿಕ್ಕಿತು. ದುಬಾರಿಯಾದ ಈ ಇಂಜೆಕ್ಷನ್ನನ್ನು ವರ್ಷಕ್ಕೆ ಎರಡು, ಮೂರು ಬಾರಿ ಹಾಕಿಸುವುದು ನಮ್ಮಲ್ಲಿ ಬಹಳ ಕುಟುಂಬಗಳಿಗೆ ನಿಲುಕದ್ದು.

ಶಸ್ತ್ರಚಿಕಿತ್ಸೆಯ ಚರಿತ್ರೆ ಕೆನಡಾದ ಪ್ಲಾಸ್ಟಿಕ್ ಸರ್ಜನ್ ವಿಲ್ಕಿ 1967ರಲ್ಲಿ ಪ್ರಕಟಿಸಿದ ವಿಧಾನದಿಂದ ಮೊದಲಾಗುತ್ತದೆ ಎನ್ನಬಹುದು. ಕೆನ್ನೆಯ ಗ್ರಂಥಿಯ ನಾಳವನ್ನು ಅವರು ಟಾನ್ಸಿಲ್ ಇರುವ ಜಾಗಕ್ಕೆ ತಿರುಗಿಸಿ, ರಸ ಮುಂಬಾಯಿಗೆ ಬರದೆ ನೇರ ಗಂಟಲಿಗೆ ಇಳಿಯುವಂತೆ ಮಾಡಿದರು. ಆಮೇಲೆ ದವಡೆಯಡಿಯ ಗ್ರಂಥಿಯ ನಾಳವನ್ನೇ ನಾಲಿಗೆಯ ಬುಡಕ್ಕೆ ಸರಿಸುವ ವಿಧಾನ ಹೆಚ್ಚು ಬಳಕೆಗೆ ಬಂತು, ಏಕೆಂದರೆ ಸುಮ್ಮನಿರುವಾಗ ಸುರಿಯುವುದು ಅದರದೇ ರಸ. ನುಂಗಿದ್ದು ಸರಿಯಾದ ದಾರಿಯಲ್ಲಿ ಹೋಗುವ ಮಗುವಿಗೆ ಮಾತ್ರ ಇದು ಹೊಂದುತ್ತದೆ. ಹಿಂದಿನ ಜೊಲ್ಲಿನಿಂದ ನ್ಯುಮೋನಿಯಾ ಬರುತ್ತಿರುವ ಮಗುವಿಗೆ ರಸವನ್ನು ಗಂಟಲಿಗೆ ತಿರುಗಿಸಿದರೆ ಅಪಾಯವನ್ನು ಹತ್ತಿರ ತಂದಂತೆ. ಅಂಥವರಿಗೆ ನಾಳವನ್ನು ಕಟ್ಟುವುದು ಅಥವಾ ಗ್ರಂಥಿಯನ್ನೇ ತೆಗೆಯುವುದು ದಾರಿ. ನಡುಗಿವಿಯ ಮೂಲಕ ಹಾದು ಲಾಲಾಗ್ರಂಥಿಗೆ ಆಜ್ಞೆ ಒಯ್ಯುವ ನರವನ್ನು ಕತ್ತರಿಸುವ ವಿಧಾನ ಒಮ್ಮೆ ಪ್ರಚಾರದಲ್ಲಿತ್ತು. ನಾಲಿಗೆಯ ಮುಂಭಾಗದ ರುಚಿಯೂ ಅದೇ ನರದಲ್ಲಿ ಹೋಗುತ್ತದೆ. ತಿನ್ನುವ ಸುಖವೊಂದೇ ಉಳಿದಿರುವ ಮಗುವಿನಿಂದ ಅದನ್ನೂ ಕಸಿಯುವ ಈ ಉಪಾಯ ಹಿಂದೆ ಸರಿದದ್ದು ಒಳ್ಳೆಯದಾಯಿತು. ಬೆಳೆಯುತ್ತ ಬೆಳೆಯುತ್ತ ಬಾಯಿಯ ಹತೋಟಿ ತಾನಾಗಿ ಸುಧಾರಿಸುವ ಸಾಧ್ಯತೆ ಇರುವುದರಿಂದ ಐದಾರು ವರ್ಷದೊಳಗೆ ಸಾಮಾನ್ಯವಾಗಿ ಕತ್ತರಿ ಹಿಡಿಯುವುದಿಲ್ಲ.

ಮನೆ, ಶಾಲೆ, ಸರ್ಕಾರ

ಎಂಜಲು ಮೈಲಿಗೆ ಎಂದು ಭಾವಿಸುವ ಸಮಾಜದಲ್ಲಿ ಜೊಲ್ಲು ಬರೀ ಒದ್ದೆಯ ಕಷ್ಟವಲ್ಲ. ಪಂಕ್ತಿಯಲ್ಲಿ ಪಕ್ಕದವರು ಎಲೆ ಸರಿಸಿಕೊಳ್ಳುತ್ತಾರೆ, ಮದುವೆಮನೆಗೆ ಮಗುವನ್ನು ಕರೆದೊಯ್ಯುವುದು ನಿಲ್ಲುತ್ತದೆ, ಅಂಗನವಾಡಿಯಲ್ಲಿ ಆಟಿಕೆ ಹಂಚಿಕೊಳ್ಳಲು ಬೇರೆ ಮಕ್ಕಳ ಪಾಲಕರು ಒಪ್ಪುವುದಿಲ್ಲ. ಜೊಲ್ಲಿನ ಮುಖ ಕಂಡೊಡನೆ ಬುದ್ಧಿಯಿಲ್ಲ ಎಂದು ತೀರ್ಮಾನಿಸುವುದು ಇನ್ನೂ ದೊಡ್ಡ ಅನ್ಯಾಯ. ಬಾಯಿಯ ಸ್ನಾಯುಗಳಿಗಷ್ಟೇ ಪೆಟ್ಟಾಗಿ ಬುದ್ಧಿ ಚುರುಕಾಗಿಯೇ ಇರುವ ಮಕ್ಕಳು ಇದ್ದಾರೆ. ಸೆರೆಬ್ರಲ್ ಪಾಲ್ಸಿಯೂ ಸೇರಿದಂತೆ 21 ಬಗೆಯ ಅಂಗವಿಕಲತೆಗಳನ್ನು ಹೆಸರಿಸುವ 2016ರ ಅಂಗವಿಕಲರ ಹಕ್ಕುಗಳ ಕಾಯ್ದೆ, ಶೇಕಡಾ 40 ಅಥವಾ ಹೆಚ್ಚಿನ ಅಂಗವಿಕಲತೆಯುಳ್ಳ ಮಕ್ಕಳಿಗೆ 6ರಿಂದ 18 ವರ್ಷದವರೆಗೆ ಉಚಿತ ಶಿಕ್ಷಣದ ಹಕ್ಕನ್ನು ಕೊಟ್ಟಿದೆ. ಒದ್ದೆ ಅಂಗಿಯ ನೆಪದಲ್ಲಿ ಶಾಲೆ ಮಗುವನ್ನು ಹೊರಗಿಡುವಂತಿಲ್ಲ.

ಕರ್ನಾಟಕದಲ್ಲಿ ಮೊದಲು ತಟ್ಟಬೇಕಾದ ಬಾಗಿಲು ಜಿಲ್ಲಾ ಶೀಘ್ರ ಮಧ್ಯಸ್ಥಿಕೆ ಕೇಂದ್ರ. 2013ರಲ್ಲಿ ಆರಂಭವಾದ ರಾಷ್ಟ್ರೀಯ ಬಾಲ ಸ್ವಾಸ್ಥ್ಯ ಕಾರ್ಯಕ್ರಮದಡಿ ಅಂಗನವಾಡಿ, ಶಾಲೆಗಳಲ್ಲಿ ಗುರುತಿಸಿದ ಮಕ್ಕಳನ್ನು ಇಲ್ಲಿಗೆ ಕಳಿಸುತ್ತಾರೆ. ಮೈಸೂರಿನಲ್ಲಿ 1965ರಲ್ಲಿ ಸ್ಥಾಪನೆಯಾದ ಅಖಿಲ ಭಾರತ ವಾಕ್ ಶ್ರವಣ ಸಂಸ್ಥೆ ಮಾತಿನಂತೆಯೇ ನುಂಗುವಿಕೆಯ ತೊಂದರೆಗಳನ್ನೂ ನೋಡುತ್ತದೆ. ಬೆಂಗಳೂರಿನಲ್ಲಿ 1980ರಿಂದ ಕೆಲಸ ಮಾಡುತ್ತಿರುವ ಸ್ಪಾಸ್ಟಿಕ್ಸ್ ಸೊಸೈಟಿ ಆಫ್ ಕರ್ನಾಟಕ, 1959ರಲ್ಲಿ ಹುಟ್ಟಿದ ಎಪಿಡಿ (ಅಸೋಸಿಯೇಷನ್ ಆಫ್ ಪೀಪಲ್ ವಿತ್ ಡಿಸೆಬಿಲಿಟಿ) ಸಂಸ್ಥೆಗಳಲ್ಲಿ ಥೆರಪಿಯ ಜೊತೆ ಪಾಲಕರಿಗೆ ತರಬೇತಿಯೂ ಸಿಗುತ್ತದೆ. ರಾಷ್ಟ್ರೀಯ ನ್ಯಾಸದ ನಿರಾಮಯ ವಿಮೆಯಲ್ಲಿ ವರ್ಷಕ್ಕೆ ಒಂದು ಲಕ್ಷ ರೂಪಾಯಿವರೆಗೆ ಚಿಕಿತ್ಸೆಯ ವೆಚ್ಚ ಪಡೆಯಬಹುದು. ಸೆರೆಬ್ರಲ್ ಪಾಲ್ಸಿ, ಆಟಿಸಂ, ಬೌದ್ಧಿಕ ಹಾಗೂ ಬಹುವಿಧ ಅಂಗವಿಕಲತೆಯವರಿಗೆ ಅದು ಅನ್ವಯಿಸುತ್ತದೆ, ಥೆರಪಿಗೂ ಹೊರರೋಗಿ ಚಿಕಿತ್ಸೆಗೂ ಅದರಲ್ಲಿ ಪಾಲಿದೆ. ಬಾಲ ಸ್ವಾಸ್ಥ್ಯ ಕಾರ್ಯಕ್ರಮದ ಆಸರೆ 18 ವರ್ಷಕ್ಕೆ ಮುಗಿಯುತ್ತದೆ. ಆ ಹೊತ್ತಿಗೆ ಮಕ್ಕಳ ವೈದ್ಯರಿಂದ ನರರೋಗ ತಜ್ಞರಿಗೆ, ಇ.ಎನ್.ಟಿ. ವಿಭಾಗಕ್ಕೆ ಕಡತ ಸಾಗಬೇಕು. ಯಾವ ಔಷಧ ಯಾವಾಗ ಕೊಟ್ಟದ್ದು, ಎಷ್ಟು ಪ್ರಮಾಣಕ್ಕೆ ಏನಾಯಿತು, ಎಷ್ಟು ಬಾರಿ ನ್ಯುಮೋನಿಯಾ ಬಂತು ಎಂಬುದನ್ನು ಮನೆಯವರೇ ಒಂದು ನೋಟ್‌ಬುಕ್ಕಿನಲ್ಲಿ ಬರೆದಿಟ್ಟಿದ್ದರೆ ಹೊಸ ವೈದ್ಯರು ಮೊದಲಿನಿಂದ ಶುರುಮಾಡುವುದು ತಪ್ಪುತ್ತದೆ.